ಕುಶಾವತಿ ದಂಡಿ ಹಿಡಿದು ನಡೆಯೋಣ: ಗೋವಾದ ಕಾಡು, ಕಲ್ಲು, ಕದಂಬರ ಜಾಗದ ಬಗ್ಗೆ ಮಾತಾಡೋಣ ಬರ್ರಿ

ಮಡಗಾಂವ್ ಧಾರವಾಡದಾಂವ:

ಮಳಿ ನಿಂತು ಕಾಡಿನ ಹಾದಿ ಒಣಗಾಕ ಹತ್ತಿದ್ವು ಅಂದ್ರ ಸಾಕು, ಗೋವಾದಾಗಿರೋ ನಮ್ಮ ಮಂದಿ ರವಿವಾರ ಬೈಕು ಕಾರು ತಗೊಂಡು ಹೊಂಡ್ತಾರ, ಭಾಳ ಛಲೋ. ಆದ್ರ ಹೋಗೋ ರೀತಿ ಹೆಂಗಂದ್ರ ಮುಂಜಾನೆ ತಾಂಬ್ಡಿ ಸುರ್ಲಾದ ಹಳೇ ಗುಡಿ, ಮಧ್ಯಾಹ್ನ ದೂಧಸಾಗರ ಜಲಪಾತ, ಹೊಳ್ಳಿ ಬರುವಾಗ ಖಾಂಡೇಪಾರದ ಗವಿ, ಎಲ್ಲಾ ಕಡೆ ಹತ್ತತ್ತು ನಿಮಿಷ ನಿಂತು ಫೋಟೋ ತಗೊಂಡು ವಾಪಸ್. ಹಂಗ ನೋಡಿದ್ರ ಇವು ಯಾಕ ಇಲ್ಲೇ ಅದಾವು, ಒಂದಕ್ಕೊಂದು ಏನ್ ಸಂಬಂಧ ಅನ್ನೋದು ಕಡೀತನಕ ಗೊತ್ತಾಗಂಗಿಲ್ಲ. ಅದಕ್ಕ ನಾ ಹೇಳೋದು ಏನಂದ್ರ ಜಾಗದ ಲಿಸ್ಟ್ ಹಿಡಿಬ್ಯಾಡ್ರಿ, ನದಿ ಹಿಡೀರಿ, ಇಲ್ಲಾಂದ್ರ ಘಾಟಿನ ಹಾದಿ ಹಿಡೀರಿ.

ದಕ್ಷಿಣ ಗೋವಾದಾಗ ಇದಕ್ಕ ಕುಶಾವತಿ ನದಿ ಹೇಳಿ ಮಾಡಿಸಿದಂಗ ಐತಿ. ಮ್ಯಾಲಿನ ದಂಡಿಗೆ ರಿವಣ ದಾಟಿದ ಮ್ಯಾಲೆ ಉಸಗಳಿಮಳ, ನದಿ ಮಗ್ಗಲ ಜಂಬಿಟ್ಟಿಗಿ ಹಾಸುಬಂಡಿ ಮ್ಯಾಲೆ ನೂರಕ್ಕೂ ಹೆಚ್ಚು ಚಿತ್ರ ಕೊರದಾರ, ಗೂಳಿ, ಜಿಂಕಿ, ಮನಷ್ಯಾರು, ಆಮ್ಯಾಲೆ ಆ ಸುತ್ತುಸುತ್ತಿನ ಚಕ್ರವ್ಯೂಹ. ಸಾವಿರಾರು ವರ್ಷದ ಹಿಂದಿನವು. ಹೊರಗಿನ ಜಗತ್ತಿಗೆ ಗೊತ್ತಾಗಿದ್ದು 1993ರಾಗ, ಅದೂ ಊರಿನ ಮಂದಿ ತೋರಿಸಿದ್ದಕ್ಕ. ಅಲ್ಲಿಂದ ಕೆಳಗ ಬಂದ್ರ ರಿವಣದ ಗವಿಗೋಳು. ಅದಾ ನೀರು ಕೇಪೆ, ಪಾರೋಡಾ ದಾಟಿ ಚಾಂದರ್ ಮಗ್ಗಲಿಗೆ ಬರ್ತದ, ಆಮ್ಯಾಲೆ ಝುವಾರಿ ಸೇರ್ತದ. ಚಾಂದರ್ ಅಂದ್ರ ಹಳೇ ಚಂದ್ರಪುರ, ಗೋವಾ ಕದಂಬರ ಮೊದಲಿನ ರಾಜಧಾನಿ. ಆಮ್ಯಾಲೆ 11ನೇ ಶತಮಾನದಾಗ ಅವರು ಗೋಪಕಪಟ್ಟಣಕ್ಕ, ಅಂದ್ರ ಈಗಿನ ಗೋವಾ ವೆಲ್ಹಾ ಕಡೆ, ಸಮುದ್ರದ ವ್ಯಾಪಾರಕ್ಕಂತ ಇಳದ್ರು. ಒಂದಾ ನದಿ, ಬೇಟಿ ಆಡೋ ಮಂದೀದೂ ಐತಿ, ರಾಜರದೂ ಐತಿ. ಮುಂಜಾನೆ ಮ್ಯಾಲಿಂದ ಶುರು ಮಾಡಿ ಸಂಜೀಗೆ ಚಾಂದರ್ ಮುಟ್ಟಬಹುದು.

ನೋಡಿದವರು ಬರೀರಿ, ಹೋಗೋರಿದ್ರ ಹೇಳ್ರಿ, ಎಲ್ಲಾರೂ ಕೂಡಿ ಹೋಗೋಣು.

ಫೋಂಡಾ ಟೀಚರ್:

ತುಂಬಾ ಒಳ್ಳೆ ವಿಷಯ ತೆಗೆದ್ರಿ ಸರ್. ನಾವು ಇಲ್ಲಿಗೆ ಬಂದು ವರ್ಷಗಳೇ ಆಯ್ತು, ಖಾಂಡೇಪಾರ ಗವಿ ಮನೆ ಹತ್ರಾನೇ ಇದೆ, ನಾಲ್ಕು ಗವಿ, ಜಂಬಿಟ್ಟಿಗೆ ಕೊರೆದು ಮಾಡಿರೋದು, ಒಂದರ ಒಳಗಡೆ ಚಾವಣಿಯಲ್ಲಿ ಕಮಲ ಇದೆ. ಮಕ್ಕಳನ್ನ ಕರ್ಕೊಂಡು ಹೋದಾಗ ಅವರು ಕೇಳೋ ಪ್ರಶ್ನೆ ಒಂದೇ, ಟೀಚರ್ ಇಲ್ಲಿ ಯಾರು ಇದ್ರು, ಯಾಕೆ ಇದ್ರು ಅಂತ. ಅದಕ್ಕೆ ನೀವು ಹೇಳೋ ನದಿ ಲೆಕ್ಕ ನಂಗೆ ಇಷ್ಟ ಆಯ್ತು, ಖಾಂಡೇಪಾರನೂ ನದಿ ದಂಡೆನೇ ಅಲ್ವಾ, ಮ್ಹಾದಾಯಿಗೆ ಸೇರೋ ನದಿ. ಒಂದು ಡೌಟು, ಉಸಗಳಿಮಳಕ್ಕೆ ಮಗಳನ್ನ ಕರ್ಕೊಂಡು ಬರಬಹುದಾ, ಎಂಟನೇ ಕ್ಲಾಸು, ತುಂಬಾ ನಡೆಯೋದಿದ್ಯಾ?

ಮಡಗಾಂವ್ ಧಾರವಾಡದಾಂವ:

ಕರಕೊಂಡು ಬರ್ರಿ ಮೇಡಂ, ರಸ್ತಾದಿಂದ ಇಳದು ಸ್ವಲ್ಪಾ ನಡದ್ರ ಬಂಡಿ ಬರ್ತದ, ಕಷ್ಟಿಲ್ಲ. ಮಳಿಗಾಲದಾಗ ಮಾತ್ರ ಬ್ಯಾಡ, ನದಿ ಉಕ್ಕಿ ಬಂಡಿ ಮ್ಯಾಲೇ ಬರ್ತದ, ಪಾಚಿ ಹಿಡದಿರ್ತದ. ಒಂದು ಮಾತು ನೆನಪಿಡ್ರಿ, ನಡು ಮಧ್ಯಾಹ್ನ ಹೋಗಬಾರ್ದು. ಬಿಸಿಲು ನೆತ್ತಿ ಮ್ಯಾಲಿದ್ದಾಗ ಬಂಡಿ ಪೂರಾ ಸಪಾಟ ಕಾಣ್ತದ, ಬರೇ ಕೆಂಪು ನೆಲ, ಮಂದಿ ಇಲ್ಲೇನೂ ಇಲ್ಲ ಅಂತ ಹೊಳ್ಳಿ ಹೊಕ್ಕಾರ. ಮುಂಜಾನೆ ಎಂಟರೊಳಗ, ಇಲ್ಲಾ ಸಂಜಿ ನಾಕರ ಮ್ಯಾಲೆ ಹೋಗ್ರಿ, ಓರೆ ಬಿಸಿಲು ಬಿತ್ತಂದ್ರ ಗೆರಿ ಒಳಗ ನೆರಳು ನಿಂದರ್ತದ. ಮೊದಲ ಗೂಳಿ ಕೋಡು ಕಾಣ್ತಾವು, ಆಮ್ಯಾಲೆ ಬೆನ್ನಿನ ಗೆರಿ, ಆಮ್ಯಾಲೆ ನೀವು ನಿಂತ ಜಾಗದ ಮಗ್ಗಲದಾಗ ಇನ್ನೊಂದು ಪ್ರಾಣಿ ಐತಿ ಅಂತ ತಿಳಿತದ. ಕಾಲು ಎಲ್ಲಿಡ್ತೀರಿ ನೋಡಿ ಇಡ್ರಿ.

ವಾಸ್ಕೋ ಬುಲೆಟ್:

ಗುರು ನಾನ್ ಹೋಗಿದೀನಿ, ಚಿತ್ರ ಸರಿಯಾಗಿ ಕಾಣಲ್ಲ, ನಮ್ ಫ್ರೆಂಡ್ಸ್ ಸ್ವಲ್ಪ ಚಾಕ್‌ಪೀಸ್ ತಗೊಂಡು ಗೆರೆ ಮೇಲೆ ಎಳೆದ್ರು ಆಮೇಲೆ ಫೋಟೋ ಸೂಪರ್ ಬಂತು, ಮಳೆ ಬಂದ್ರೆ ಹೋಗುತ್ತೆ ಅಲ್ವಾ ಅದು, ಅದ್ರಲ್ಲಿ ಏನ್ ತೊಂದ್ರೆ ಅಂತ ನಂಗೆ ಗೊತ್ತಾಗ್ಲಿಲ್ಲ, ಅಲ್ಲೇ ಒಬ್ರು ಬೈದ್ರು.

ಮಡಗಾಂವ್ ಧಾರವಾಡದಾಂವ:

ತಮ್ಮಾ, ಕೇಳಿದ್ದು ಛಲೋ ಆತು. ತೊಂದರಿ ಭಾಳ ಐತಿ. ಜಂಬಿಟ್ಟಿಗಿ ಅಂದ್ರ ತೂತು ತೂತು ಇರೋ ಮೆತ್ತನ ಕಲ್ಲು, ಚಾಕ್ ಪುಡಿ ಆ ತೂತಿನೊಳಗ ಕೂಡ್ತದ, ಮಳಿಗೆ ಮ್ಯಾಲಿಂದಷ್ಟ ಹೋಗ್ತದ. ಅದಕ್ಕಿಂತಾ ದೊಡ್ಡದು ಏನಂದ್ರ, ಚಾಕ್ ಹಿಡದಾಂವ ತನಗ ಕಂಡಂಗ ಎಳೀತಾನ. ಸವದು ಹೋದ ಗೆರಿ ಇರ್ತದ, ಕಲ್ಲಿನದ ಸಹಜ ಬಿರುಕು ಇರ್ತದ, ಎರಡೂ ಕೂಡಿಸಿ ಎಳದ್ರ ಇಲ್ಲದ ಕಾಲು ಬರ್ತದ, ಇಲ್ಲದ ಬಾಲ ಬರ್ತದ. ಮುಂದಿನಾಂವ ಬಂದು ಅದನ್ನ ಖರೇ ಅಂತ ಫೋಟೋ ಹೊಡೀತಾನ, ಅದಾ ಎಲ್ಲಾ ಕಡೆ ಓಡ್ಯಾಡ್ತದ. ಕೆಲವರು ಮೊಳಿ ತಗೊಂಡು ಗೆರಿ ಕೆರದು ಸ್ವಚ್ಛ ಮಾಡ್ತಾರ, ಅದಂತೂ ಆ ಕೊರದಾಂವನ ಕೈಗುರುತಾ ಅಳಸಿದಂಗ. ನೋಡಿದ್ರ ಹೊಟ್ಟಿ ಉರೀತದ ನನಗ.

ಫೋಟೋ ಬೇಕಂದ್ರ ಹಿಂಗ ಮಾಡು. ಕತ್ತಲಾಗೋ ಮುಂದ ಒಂದು ಟಾರ್ಚ್ ತಗೊಂಡು ನೆಲಕ್ಕ ಹತ್ತಿಸಿ, ಬಗಲಿಂದ, ಅಡ್ಡಡ್ಡ ಬೆಳಕು ಬಿಡು. ಒಬ್ಬಾಂವ ಟಾರ್ಚ್ ಹಿಡದು ಮೆಲ್ಲಕ ಸುತ್ತು ಹಾಕಲಿ, ಇನ್ನೊಬ್ಬಾಂವ ನಿಂತಲ್ಲೇ ನಿಂತು ಫೋಟೋ ತಗೀಲಿ. ನಿನ್ನ ಚಾಕ್ ಫೋಟೋಕ್ಕಿಂತ ಹತ್ತು ಪಾಲು ಛಲೋ ಬರ್ತದ, ಕಲ್ಲಿಗೆ ಕೈನೂ ಹಚ್ಚಬೇಕಾಗಿಲ್ಲ. ಕತ್ತಲಾದ ಮ್ಯಾಲೆ ಅಲ್ಲೇ ಉಳೀಬ್ಯಾಡ್ರಿ ಮತ್ತ.

ವಾಸ್ಕೋ ಬುಲೆಟ್:

ಸರಿ ಅಣ್ಣ ಅರ್ಥ ಆಯ್ತು, ಟಾರ್ಚ್ ಐಡಿಯಾ ಟ್ರೈ ಮಾಡ್ತೀನಿ. ಫ್ರೆಂಡ್ಸ್‌ಗೂ ಹೇಳ್ತೀನಿ.

ಬೆಳಗಾವಿ ಟು ಪಣಜಿ:

ತಾಂಬ್ಡಿ ಸುರ್ಲಾಗೆ ಹೋಗೋರಿಗೆ ಒಂದು ಎಚ್ಚರಿಕೆ. ಮ್ಯಾಪಲ್ಲಿ ಬರೀ ಸುರ್ಲಾ ಅಂತ ಹಾಕಬೇಡಿ, ಚೋರ್ಲಾ ಘಾಟ್ ಹತ್ರ ಸತ್ತರಿ ತಾಲೂಕಲ್ಲಿ ಇನ್ನೊಂದು ಸುರ್ಲಾ ಇದೆ, ಬೇರೆನೇ ಊರು, ಬೆಟ್ಟದ ಮೇಲೆ. ಗುಡಿ ಇರೋದು ಮೊಲ್ಲೆಂ ಕಡೆ, ಭಗವಾನ್ ಮಹಾವೀರ ಅಭಯಾರಣ್ಯದ ಅಂಚಲ್ಲಿ, ಘಟ್ಟದ ಬುಡದಲ್ಲಿ. ಅಭಯಾರಣ್ಯ ಒಟ್ಟು 240 ಚದರ ಕಿಲೋಮೀಟರ್, ಅದರೊಳಗೇ ಮೊಲ್ಲೆಂ ರಾಷ್ಟ್ರೀಯ ಉದ್ಯಾನ ಬರುತ್ತೆ, ನೆಟ್‌ವರ್ಕ್ ಎಷ್ಟೋ ಕಡೆ ಇಲ್ಲ, ಮ್ಯಾಪ್ ಮೊದಲೇ ಡೌನ್‌ಲೋಡ್ ಮಾಡ್ಕೊಳ್ಳಿ.

ಆಮೇಲೆ ಘಾಟ್ ಹಾದಿ ಹಿಡೀರಿ ಅಂದ್ರಲ್ಲ, ಅದು ನೂರಕ್ಕೆ ನೂರು ನಿಜ. ಗೋವಾ ಕದಂಬರ ಇನ್ನೊಂದು ರಾಜಧಾನಿ ಹಲಸಿ, ಹಳೇ ಹೆಸರು ಪಲಾಶಿಕ, ನಮ್ಮ ಬೆಳಗಾವಿ ಜಿಲ್ಲೆ ಖಾನಾಪುರ ತಾಲೂಕಲ್ಲಿದೆ, ಘಟ್ಟ ಹತ್ತಿದ್ರೆ ದೂರ ಏನಿಲ್ಲ. ಅಲ್ಲಿ ಭೂವರಾಹ ನರಸಿಂಹ ಗುಡಿ ನೋಡಿ, ಹಾಗೇ ಕಿತ್ತೂರು ಹತ್ರ ದೇಗಾಂವಿಗೆ ಹೋಗಿ ಕಮಲ ನಾರಾಯಣ ಗುಡಿ ನೋಡಿ, ಕದಂಬ ರಾಜ ಶಿವಚಿತ್ತ ಪೆರ್ಮಾಡಿಯ ರಾಣಿ ಕಮಲಾದೇವಿ 12ನೇ ಶತಮಾನದಲ್ಲಿ ಕಟ್ಟಿಸಿದ್ದು. ಇವೆರಡನ್ನ ನೋಡಿ ಆಮೇಲೆ ತಾಂಬ್ಡಿ ಸುರ್ಲಾಗೆ ಇಳಿದು ಬನ್ನಿ, ಒಂದೇ ರಾಜ್ಯದ ಮೇಲಿನ ಅರ್ಧ ಕೆಳಗಿನ ಅರ್ಧ ಅಂತ ಗೊತ್ತಾಗುತ್ತೆ. ಈಗ ಮಧ್ಯ ಸ್ಟೇಟ್ ಬಾರ್ಡರ್ ಇದೆ ಅಷ್ಟೇ.

ಮಡಗಾಂವ್ ಧಾರವಾಡದಾಂವ:

ಭಾಳ ಛಲೋ ಹೇಳಿದ್ರಿ. ಇದಕ್ಕ ಇನ್ನೊಂದು ಸೇರಸ್ತೀನಿ. ತಾಂಬ್ಡಿ ಸುರ್ಲಾ ಗುಡಿ ಕಪ್ಪು ಕಲ್ಲಿಂದು, ಗೋವಾದಾಗ ಎಲ್ಲಿ ನೋಡಿದ್ರೂ ಕೆಂಪು ಜಂಬಿಟ್ಟಿಗಿ, ಕಲ್ಲನ್ನ ಘಟ್ಟದ ಮ್ಯಾಲಿಂದ ತಂದಾರ ಅಂತ ತಿಳದವರು ಹೇಳ್ತಾರ. ಸಣ್ಣ ಗುಡಿ ಅದು, ಶಿಖರಾನೂ ಪೂರಾ ಇಲ್ಲ, ಆದ್ರ ಒಳಗ ಕಾಲಿಟ್ರ ನಾಕು ಕಂಬ, ಮ್ಯಾಲೆ ಚಾವಣ್ಯಾಗ ಕಮಲ, ನಡುವ ತಲಿ ಇಲ್ಲದ ನಂದಿ. ಎಲ್ಲಾರೂ ಚಾವಣಿ ನೋಡಿ ಹೊರಗ ಬರ್ತಾರ. ನೀವು ಕುಂದ್ರ್ರಿ, ಕಂಬದ ಬುಡ ನೋಡ್ರಿ. ಒಂದು ಕಂಬದ ಬುಡದಾಗ ಆನಿ ಕುದುರಿನ್ನ ತುಳಿಯೋದು ಕೊರದಾರ, ಕದಂಬರ ಗುರುತು ಅಂತ ಹೇಳ್ತಾರ ಅದನ್ನ. ಅಂಗೈ ಅಗಲದ ಜಾಗದಾಗ ಕುದುರಿ ಕುತಿಗಿ ತಿರುವಿದ್ದು ಕಾಣ್ತದ. ಹೊರಗ ಬಂದ್ರ ಮೆಟ್ಟಲಾ, ಮೆಟ್ಟಲಾ ಇಳದ್ರ ನದಿ.

ಇನ್ನ ತಾಂಬ್ಡಿ ಸುರ್ಲಾದಾಗ ಗುಡಿ ನಿಂತದ, ಚಾಂದರ್‌ನಾಗ ಬರೇ ಬುನಾದಿ ಉಳದದ, ಯಾಕ? ಚಾಂದರ್ ಇರೋದು ದಕ್ಷಿಣ ಗೋವಾದ ಸಾಲ್ಸೆಟ್ ತಾಲೂಕಿನಾಗ, ಅದು ಪೋರ್ಚುಗೀಸರ ಕೈಗೆ 16ನೇ ಶತಮಾನದಾಗಾ ಹೋತು, ಆ ಕಾಲದಾಗ ಗುಡಿಗೋಳನ್ನ ಕೆಡವಿದ್ರು. ತಾಂಬ್ಡಿ ಸುರ್ಲಾ ಇರೋ ಸಾಂಗೆ ಕಡೆ ಸೀಮಿ ಅವರಿಗೆ ಸಿಕ್ಕಿದ್ದು 18ನೇ ಶತಮಾನದಾಗ, ಅಷ್ಟೊತ್ತಿಗೆ ಆ ಆವೇಶ ಇಳದಿತ್ತು, ಮ್ಯಾಲೆ ಕಾಡೂ ಇತ್ತು. ಚಾಂದರ್‌ನಾಗ 1929ರಾಗ ಫಾದರ್ ಹೆನ್ರಿ ಹೆರಾಸ್ ಉತ್ಖನನ ಮಾಡಿದ್ರು, ಮುಂಬೈ ಸೇಂಟ್ ಝೇವಿಯರ್ಸ್ ಕಾಲೇಜಿನವರು, ಇಟ್ಟಂಗಿ ಗುಡಿ ಬುನಾದಿ ಸಿಕ್ತು. ಅಲ್ಲೂ ಒಂದು ನಂದಿ ಐತಿ, ಅದಕ್ಕೂ ತಲಿ ಇಲ್ಲ. ಆದ್ರ ಅದಾ ಚಾಂದರ್‌ನಾಗ ಕಾರ್ನಿವಲ್ ಹೊತ್ತಿಗೆ ಕ್ರೈಸ್ತ ಮಂದಿ ಒನಕಿ ಹಿಡದು ಮುಸಳ್ ಖೇಳ್ ಕುಣೀತಾರ, ನೋಡಬೇಕು ಅದನ್ನ, ಕೆಲವು ವಿಷಯ ಕಲ್ಲಿನಾಗ ಉಳೀಲಿಲ್ಲ ಅಂದ್ರೂ ಕಾಲಿನಾಗ ಉಳದಾವು.

ಪಿಂಪ್ರಿ ಗುಲ್ಬರ್ಗಾ:

ಪುಣೆಯಿಂದ ಒಂದು ಮಾತು ಸೇರಿಸ್ಲಾ. ನೀವು ಘಾಟ್ ಹಾದಿ ಅಂದ ತಕ್ಷಣ ನಂಗೆ ಕಾರ್ಲಾ ಗವಿ ನೆನಪಾಯ್ತು. ಲೋಣಾವಳಾ ಹತ್ರ, ಬೋರ್ ಘಾಟ್ ಮೇಲ್ಗಡೆ, ಸಮುದ್ರದಿಂದ ದಖ್ಖನ್‌ಗೆ ಬರೋ ಹಳೇ ವ್ಯಾಪಾರದ ದಾರಿ ಅದು. ಅಲ್ಲಿರೋ ಚೈತ್ಯ, ಅಂದ್ರೆ ಬೌದ್ಧರ ಪ್ರಾರ್ಥನಾ ಮಂದಿರ, ದೇಶದಲ್ಲೇ ಅತಿ ದೊಡ್ಡದು, ಬಂಡೆ ಕೊರೆದು ಮಾಡಿರೋದ್ರಲ್ಲಿ. ಎಲ್ರೂ ಒಳಗಡೆ ನೇರ ಹೋಗಿಬಿಡ್ತಾರೆ, ಆದ್ರೆ ಕನ್ನಡದವರು ಮೊದ್ಲು ನಿಲ್ಲಬೇಕಾಗಿರೋದು ಹೊರಗಿನ ವೆರಾಂಡದಲ್ಲಿ ಎಡಗಡೆ ತುದೀಲಿ. ಅಲ್ಲಿ ಬ್ರಾಹ್ಮಿ ಲಿಪಿಯಲ್ಲಿ ಪ್ರಾಕೃತದಲ್ಲಿ ಒಂದು ಶಾಸನ ಇದೆ, ವೈಜಯಂತಿಯ ಶೆಟ್ಟಿ ಭೂತಪಾಲ ಅನ್ನೋನು ಜಂಬೂದ್ವೀಪದಲ್ಲೇ ಉತ್ತಮವಾದ ಈ ಕಲ್ಲಿನ ಮನೆಯನ್ನ ಪೂರ್ತಿ ಮಾಡಿಸಿದ ಅಂತ. ವೈಜಯಂತಿ ಅಂದ್ರೆ ನಮ್ಮ ಬನವಾಸಿ! ಸುಮಾರು ಎರಡು ಸಾವಿರ ವರ್ಷದ ಹಿಂದೆ ಬನವಾಸಿಯ ವ್ಯಾಪಾರಿ ಒಬ್ಬ ಇಲ್ಲಿತನಕ ಬಂದು ದುಡ್ಡು ಹಾಕಿದಾನೆ. ನಾವು ಪುಣೆಗೆ ಕೆಲಸಕ್ಕೆ ಬಂದವರು, ಆ ಅಕ್ಷರದ ಮುಂದೆ ನಿಂತಾಗ ನಂಗೆ ಮೈ ಜುಂ ಅಂತು. ಒಳಗಿನ ಕಂಬಗಳ ಮೇಲೆ ಧೇನುಕಾಕಟ ಅನ್ನೋ ಊರಿನ ಯವನರು (ಗ್ರೀಕರು ಅಥವಾ ಬೇರೆ ಹೊರದೇಶದವರು) ಕೊಟ್ಟ ದಾನದ ಶಾಸನಗಳೂ ಇವೆ.

ಗವಿ ಮುಂದೇನೇ ಏಕವೀರಾ ದೇವಿ ಗುಡಿ ಇರೋದ್ರಿಂದ ಭಾನುವಾರ ವಿಪರೀತ ರಶ್, ವಾರದ ದಿನ ಹೋಗಿ. ಶಾಂತವಾಗಿ ನೋಡಬೇಕು ಅಂದ್ರೆ ಹತ್ರದ ಬೇಡ್ಸೆ ಗವಿಗೆ ಹೋಗಿ. ಆಮೇಲೆ ಹೆಜ್ಜೇನು, ದಯವಿಟ್ಟು ಇದನ್ನ ಹಗುರವಾಗಿ ತಗೋಬೇಡಿ. ಗವಿ ಬಾಯಿ ಮೇಲೆ ಬಂಡೆಗೆ ದೊಡ್ಡ ದೊಡ್ಡ ಗೂಡು ಕಟ್ಟಿರ್ತವೆ, ಸೆಂಟ್ ಹಾಕ್ಕೊಂಡು ಹೋಗಬಾರದು, ಹೊಗೆ ಮಾಡಬಾರದು, ಕಿರುಚಾಡಬಾರದು, ಡ್ರೋನ್ ಅಂತೂ ಬೇಡವೇ ಬೇಡ.

ಬೋರಿವಲಿ ಕುಂದಾಪ್ರ:

ಒಳ್ಳೆ ಚರ್ಚೆ ಮಾರಾಯ್ರೆ. ಮುಂಬೈಯವರಿಗೆ ದೂರ ಹೋಗ್ಬೇಕು ಅಂತಿಲ್ಲ, ಬೋರಿವಲಿ ಸ್ಟೇಷನ್ ಹತ್ರವೇ ಕಾಡುಂಟು, ಅದರ ಒಳಗೆ ಕಾನ್ಹೇರಿ ಉಂಟು. ನೂರಕ್ಕೂ ಮೇಲೆ ಬೌದ್ಧ ಗವಿ, ಕ್ರಿಸ್ತಪೂರ್ವದಿಂದ ಹಿಡಿದು ಸಾವಿರ ವರ್ಷ ಜನ ಇದ್ದ ಜಾಗ. ನನಗೆ ಅಲ್ಲಿ ದೊಡ್ಡ ಬುದ್ಧನಿಗಿಂತ ಜಾಸ್ತಿ ಇಷ್ಟ ನೀರಿನ ವ್ಯವಸ್ಥೆ. ಬೆಟ್ಟದ ನೆತ್ತಿಯಿಂದ ಬಂಡೆಯಲ್ಲಿ ಸಣ್ಣ ಸಣ್ಣ ಕಾಲುವೆ ಕೊರೆದು ಗವಿ ಬಾಗಿಲಲ್ಲಿರುವ ತೊಟ್ಟಿಗೆ ಬಿಟ್ಟಿದ್ದಾರೆ, ಮಳೆಗಾಲದಲ್ಲಿ ಹೋದ್ರೆ ಈಗಲೂ ನೀರು ಅದೇ ದಾರಿಯಲ್ಲಿ ಇಳಿಯುವುದು ಕಾಣ್ತದೆ. ದರ್ಬಾರ್ ಗವಿ ಅಂತ ಒಂದುಂಟು, ಅಲ್ಲಿ 9ನೇ ಶತಮಾನದ ಶಾಸನದಲ್ಲಿ ಅಮೋಘವರ್ಷನ ಹೆಸರು ಬರ್ತದೆ, ಮಳಖೇಡದ ರಾಷ್ಟ್ರಕೂಟ ಅಮೋಘವರ್ಷ, ಅವನ ಕೈಕೆಳಗೆ ಕೊಂಕಣ ಆಳುತ್ತಿದ್ದ ಶಿಲಾಹಾರ ಕಪರ್ದಿ. ಕಲಬುರ್ಗಿಯವರೇ ಕೇಳಿದ್ರಲ್ಲ, ನಿಮ್ಮ ಊರಿನ ರಾಜ ನಮ್ಮ ಬೋರಿವಲಿಯಲ್ಲಿ. ಸೋಮವಾರ ಬಂದ್, ಬೆಳಿಗ್ಗೆ ಬೇಗ ಹೋಗಿ, ಚಿರತೆ ಇರುವ ಕಾಡು, ಮಕ್ಕಳನ್ನು ಹಿಂದೆ ಬಿಟ್ಟು ಮುಂದೆ ನಡಿಬೇಡಿ.

ಇನ್ನೊಂದು, ಏಕ್ಸರ್‌ನ ವೀರಗಲ್ಲು. ಬೋರಿವಲಿ ಪಶ್ಚಿಮದಲ್ಲಿ, ಕಟ್ಟಡಗಳ ಮಧ್ಯೆ. ಹಡಗಿನ ಯುದ್ಧ ಕೊರೆದ ಕಲ್ಲು, ಸಾಲು ಸಾಲು ಹುಟ್ಟುಗಳು, ಕೆಳಗಿನ ಪಟ್ಟಿಯಲ್ಲಿ ಕಾದಾಟ, ಮೇಲೆ ಸತ್ತವರು ಸ್ವರ್ಗಕ್ಕೆ ಹೋಗುವುದು. ನಾವು ಕಡಲ ಬದಿಯವರು, ಆ ಹಡಗು ನೋಡ್ಲಿಕ್ಕೇ ಹೋಗಬೇಕು. 1265ರ ಸುಮಾರಿಗೆ ಯಾದವ ರಾಜ ಮಹಾದೇವನ ಸೈನ್ಯಕ್ಕೂ ಕೊನೆಯ ಶಿಲಾಹಾರ ರಾಜ ಸೋಮೇಶ್ವರನಿಗೂ ಆದ ಸಮುದ್ರ ಯುದ್ಧ ಇದು ಅಂತ ಹಲವು ಇತಿಹಾಸಕಾರರು ಹೇಳ್ತಾರೆ. ಎಣ್ಣೆ ಕುಂಕುಮ ಬಣ್ಣ ಎಲ್ಲ ಹಾಕಿ ಪೂಜೆ ಮಾಡ್ತಾರೆ ಜನ. ಸುತ್ತ ಇಷ್ಟೆಲ್ಲ ಕಟ್ಟಡ ಎದ್ದರೂ ಆ ಕಲ್ಲು ಉಳಿದದ್ದು ಆ ಪೂಜೆಯಿಂದಲೇ ಅಂತ ನನ್ನ ಅಭಿಪ್ರಾಯ.

ಸಾಂಗೆ ಸರ್ವೇಯರ್:

ನಾನು ಸ್ವಲ್ಪ ಬೇರೆ ಮಾತು ಹೇಳ್ತೀನಿ, ಯಾರೂ ಬೇಜಾರ್ ಮಾಡ್ಕೋಬೇಡಿ. ಹೀಗೆ ಎಲ್ಲಾ ಜಾಗ ಹೆಸರು ಹೇಳಿ ದಾರಿ ಹೇಳಿ ಬರೆದ್ರೆ ಮುಂದಿನ ವಾರ ಅಲ್ಲಿ ಬಿಯರ್ ಬಾಟಲಿ ಬೀಳುತ್ತೆ. ಕೆಲಸದ ಮೇಲೆ ಈ ಕಾಡಲ್ಲಿ ಓಡಾಡೋನು ನಾನು, ಹೊಳೆ ಪಕ್ಕ ವೀರಗಲ್ಲು, ಸತಿಕಲ್ಲು ಎಷ್ಟೋ ಬಿದ್ದಿರೋದು ನೋಡಿದೀನಿ, ಒಂದು ಸಲ ನೋಡಿದ ಕಲ್ಲು ಮುಂದಿನ ಸಲಕ್ಕೆ ಇರ್ಲಿಲ್ಲ, ಯಾರೋ ಎತ್ಕೊಂಡು ಹೋಗಿದ್ರು. ಅದಕ್ಕೆ ನಂಗೆ ಅನ್ಸೋದು, ಹೇಳದೇ ಇರೋದೇ ಒಳ್ಳೇದು.

ಮಡಗಾಂವ್ ಧಾರವಾಡದಾಂವ:

ನಿಮ್ಮ ಸಂಕಟ ನನಗ ತಿಳಿತದ, ಖರೇನಾ ಅದು. ಆದ್ರ ಎರಡು ಥರದ ಜಾಗ ಅದಾವಲ್ರೀ. ತಾಂಬ್ಡಿ ಸುರ್ಲಾ, ಚಾಂದರ್, ಉಸಗಳಿಮಳ ಇವಕ್ಕ ಬೋರ್ಡ್ ಐತಿ, ಸರ್ಕಾರದ ರಕ್ಷಣೆ ಐತಿ, ಮುಚ್ಚಿಟ್ರ ಮುಚ್ಚಂಗಿಲ್ಲ, ಇಲ್ಲಿ ಹೆಂಗ ನೋಡಬೇಕು ಅನ್ನೋದನ್ನ ಹೇಳಬೇಕು. ಆದ್ರ ಬೋರ್ಡ್ ಇಲ್ಲದ, ಕಾಡಿನಾಗ ಒಂಟಿ ಬಿದ್ದ ವೀರಗಲ್ಲಿನ ಲೊಕೇಶನ್ ಯಾರೂ ಇಲ್ಲಿ ಹಾಕಬಾರ್ದು, ಇದಕ್ಕ ನಾ ನಿಮ್ಮ ಕಡೆ. ಫೋಟೋ ತಗದ್ರ ಮೊಬೈಲ್‌ನಾಗ ಲೊಕೇಶನ್ ಆಫ್ ಮಾಡಿ ತಗೀರಿ. ಮೊದಲ ಊರಿನ ಹಿರಿಯಾರಿಗೆ ಹೇಳ್ರಿ, ಆಮ್ಯಾಲೆ ಪುರಾತತ್ವ ಇಲಾಖೆಗೆ ಬರದು ಕೊಡ್ರಿ. ಊರಿನವರಿಗೆ ಗೊತ್ತಿದ್ದ ಕಲ್ಲು ಕಳುವಾಗೋದು ಕಡಿಮಿ. ಉಸಗಳಿಮಳದ್ದೂ ಹಂಗಾ ಅಲ್ಲೇನು, ಊರಿನ ಮಂದೀಗೆ ಮೊದಲಿಂದ ಗೊತ್ತಿತ್ತು.

ಸಾಂಗೆ ಸರ್ವೇಯರ್:

ಅಷ್ಟು ಮಾಡಿದ್ರೆ ನಂದೂ ಒಪ್ಪಿಗೆ. ಹಾಗಿದ್ರೆ ಒಂದು ಜಾಗ ನಾನೂ ಸೇರಿಸ್ತೀನಿ, ಕುರ್ಡಿ. ಸಾಳಾವಲಿ ಡ್ಯಾಮ್ ಕಟ್ಟಿದಾಗ 80ರ ದಶಕದಲ್ಲಿ ಮುಳುಗಿದ ಊರು, ಗಾಯಕಿ ಮೊಗುಬಾಯಿ ಕುರ್ಡೀಕರ್ ಅವರ ಊರು. ಬೇಸಿಗೇಲಿ ನೀರು ಇಳಿದಾಗ ಮೇ ಹೊತ್ತಿಗೆ ಮನೆ ಗೋಡೆ, ರಸ್ತೆ ಎಲ್ಲಾ ಮೇಲೆ ಬರುತ್ತೆ, ಊರು ಬಿಟ್ಟವರು ವಾಪಸ್ ಬಂದು ಸೇರ್ತಾರೆ. ಅಲ್ಲಿದ್ದ ಕದಂಬರ ಕಾಲದ ಮಹಾದೇವ ಗುಡೀನ ಒಂದೊಂದೇ ಕಲ್ಲು ಬಿಚ್ಚಿ ಡ್ಯಾಮ್ ಹತ್ರ ತಂದು ಮತ್ತೆ ಕಟ್ಟಿದ್ರು, ಈಗ್ಲೂ ನೋಡಬಹುದು. ಕುರ್ಡಿಗೆ ಹೋದ್ರೆ ಪಿಕ್ನಿಕ್ ಥರ ಹೋಗಬೇಡಿ, ಅಲ್ಲಿ ಬಂದು ಕೂತಿರೋರು ತಮ್ಮ ಮನೆ ಪಾಯದ ಮೇಲೆ ಕೂತಿರ್ತಾರೆ.

ವಾಳಪೈ ಸಿಸ್ಟರ್:

ಆಸ್ಪತ್ರೆಯಲ್ಲಿ ಕೆಲಸ ಮಾಡೋಳಾಗಿ ಒಂದು ವಿಷಯ ಹೇಳ್ಲೇಬೇಕು, ಯಾರೂ ಬರೀಲಿಲ್ಲ ಇದನ್ನ. ಮಂಗನ ಕಾಯಿಲೆ. 1957ರಲ್ಲಿ ನಮ್ಮ ಶಿವಮೊಗ್ಗದ ಕ್ಯಾಸನೂರು ಕಾಡಲ್ಲಿ ಮೊದಲು ಗುರುತಾಗಿದ್ದು, 2015ರ ಹೊತ್ತಿಗೆ ಇಲ್ಲಿ ಸತ್ತರಿಯಲ್ಲೂ ಬಂತು. ಉಣುಗು ಕಚ್ಚೋದ್ರಿಂದ ಬರುತ್ತೆ, ಡಿಸೆಂಬರಿಂದ ಮೇ ತನಕ ಜಾಸ್ತಿ, ಅಂದ್ರೆ ನೀವೆಲ್ಲಾ ಕಾಡಿಗೆ ಹೋಗೋ ಸೀಸನ್ನೇ. ಉದ್ದ ಪ್ಯಾಂಟು ಹಾಕಿ ಸಾಕ್ಸ್ ಒಳಗೆ ತುರುಕಿ, ಒಣಗಿದ ಎಲೆ ಮೇಲೆ ಕೂರಬೇಡಿ ಮಲಗಬೇಡಿ, ಉಣುಗು ಹತ್ತದ ಹಾಗೆ ಎಣ್ಣೆ ಸಿಗುತ್ತೆ ಹಚ್ಕೊಳ್ಳಿ, ಸತ್ತ ಮಂಗ ಕಂಡ್ರೆ ಹತ್ರ ಹೋಗದೆ ಅರಣ್ಯ ಇಲಾಖೆಗೆ ಫೋನ್ ಮಾಡಿ. ಮನೆಗೆ ಬಂದ ತಕ್ಷಣ ಬಿಸಿನೀರ ಸ್ನಾನ, ಬಟ್ಟೆ ಬಿಸಿನೀರಿಗೆ. ಆಮೇಲೆ ವಾರದೊಳಗೆ ಜೋರು ಜ್ವರ ತಲೆನೋವು ಬಂದ್ರೆ ಡಾಕ್ಟರ್‌ಗೆ ಕಾಡಿಗೆ ಹೋಗಿದ್ದೆ ಅಂತ ಮೊದ್ಲೇ ಹೇಳಿ, ಆ ಒಂದು ಮಾತು ಹೇಳದೇ ಎಷ್ಟೋ ಜನ ದಿನ ಕಳೀತಾರೆ. ಜಲಪಾತದ ದಾರಿ ಮಳೆಗಾಲದಲ್ಲಿ ಇಲಾಖೆಯವರು ಬಂದ್ ಮಾಡಿದ್ರೆ ಸುತ್ತಿ ಬಳಸಿ ಹೋಗೋದು ಬೇಡ. ನೀರಲ್ಲಿ ಹೋದ ಹುಡುಗರನ್ನ ನಾವು ನೋಡಿದೀವಿ.

ಫೋಂಡಾ ಟೀಚರ್:

ಸಿಸ್ಟರ್ ಥ್ಯಾಂಕ್ಸ್, ಇದನ್ನ ಸ್ಕೂಲ್ ಗ್ರೂಪಿಗೂ ಹಾಕ್ತೀನಿ. ಧಾರವಾಡದವರೇ, ಯಾವಾಗ ಹೋಗೋದು ಹೇಳಿ, ನಾವು ಮೂರು ಜನ ಬರ್ತೀವಿ. ಮಗಳು ಡ್ರಾಯಿಂಗ್ ಮಾಡ್ತಾಳೆ, ಆ ಚಕ್ರವ್ಯೂಹದ ಮೇಲೆ ಪೇಪರ್ ಇಟ್ಟು ಪೆನ್ಸಿಲ್ ಉಜ್ಜಿ ತೆಗೀಬಹುದಾ ಅಂತ ಕೇಳ್ತಿದಾಳೆ.

ಮಡಗಾಂವ್ ಧಾರವಾಡದಾಂವ:

ಉಜ್ಜೋದು ಬ್ಯಾಡ ಮೇಡಂ, ಅದೂ ಕಲ್ಲಿಗೆ ತಿಕ್ಕಿದಂಗಾ ಆಗ್ತದ. ಮಗ್ಗಲಕ ಕುಂತು ನೋಡಿ ತಗೀಲಿ, ಹೊರಗಿನ ಸುತ್ತಿನಿಂದ ಶುರು ಮಾಡಿ ಒಳಗ ಬರಲಿ, ಎಲ್ಲಿ ಗೆರಿ ಸವದದ ಅಲ್ಲಿ ಖಾಲಿ ಬಿಡಲಿ, ತಾನಾಗಿ ಸೇರಸೋದು ಬ್ಯಾಡ ಅಂತ ಹೇಳ್ರಿ. ಡಿಸೆಂಬರ್ ಎರಡನೇ ರವಿವಾರ ಇಟ್ಕೊಳ್ಳೋಣು. ಮುಂಜಾನೆ 6.30ಕ್ಕ ಕೇಪೆ ಬಸ್‌ಸ್ಟ್ಯಾಂಡ್ ಹತ್ರ ಕೂಡೋದು, ಮಡಗಾಂವಿಂದ ಕದಂಬ ಬಸ್‌ನಾಗ (ಗೋವಾ ಸರ್ಕಾರಿ ಬಸ್) ಬರೋರು ಮೊದಲಾ ಹೇಳ್ರಿ, ಕಾರಿನಾಗ ಜಾಗ ನೋಡೋಣು. ಅಲ್ಲಿಂದ ಸೀದಾ ಉಸಗಳಿಮಳ, ಬಿಸಿಲು ಏರಿದ ಮ್ಯಾಲೆ ರಿವಣದ ಗವಿ, ಅದಕ್ಕ ಟಾರ್ಚ್ ಬೇಕಾ ಬೇಕು. ಊಟ ಕೇಪೆದಾಗ. ಮೂರೂವರಿಗೆ ಚಾಂದರ್. ತಾಂಬ್ಡಿ ಸುರ್ಲಾ ಅದಾ ದಿವಸ ಬ್ಯಾಡ, ಅದಕ್ಕ ಹಲಸಿ ಜೋಡಿ ಮಾಡಿ ಬ್ಯಾರೆ ಇಡೋಣು, ಬೆಳಗಾವಿಯವರು ಮುಂದಾಗಲಿ.

ಬೆಳಗಾವಿ ಟು ಪಣಜಿ:

ಜನವರಿಗೆ ನಾನು ಪ್ಲಾನ್ ಮಾಡ್ತೀನಿ. ಶನಿವಾರ ಹಲಸಿ, ದೇಗಾಂವಿ, ರಾತ್ರಿ ಖಾನಾಪುರ ಕಡೆ ಉಳಿದು, ಭಾನುವಾರ ಅನಮೋಡ ಘಾಟ್ ಇಳಿದು ಗುಡಿ. ಬರೋರು ಇಲ್ಲೇ ಹೆಸರು ಹಾಕಿ.

ವಾಸ್ಕೋ ಬುಲೆಟ್:

ಎರಡಕ್ಕೂ ನಾನು. ಟಾರ್ಚ್ ನಂದು, ದೊಡ್ಡದಿದೆ.